ಸಿಡಿಲಿಲ್ಲದೆ ಬೆಂದ ಸೊಪ್ಪು

ಕೆಂಪಾಜಮ್ಮನ ಕೆಲಸ ಹೊಗೆಸೊಪ್ಪು ಬೇಯಿಸುವುದು. ಬೆಟ್ಟದಪುರದ ಸುತ್ತ ಈ ಕೆಲಸ ಬಲ್ಲ ಗಂಡಸರು ಊರಿಗೆ ನಾಲ್ಕೈದು ಜನ ಸಿಗುತ್ತಾರೆ. ಹೆಂಗಸು ಅಂತ ಇರುವುದು ಇವಳೊಬ್ಬಳೇ. ಹೊಲದಲ್ಲಿ ಎಲೆ ಮುರಿಯುವುದು, ಕಡ್ಡಿಗೆ ಕಟ್ಟುವುದು, ಬೆಂದ ಮೇಲೆ ಬಣ್ಣ ನೋಡಿ ವಿಂಗಡಿಸುವುದು ಹೆಂಗಸರ ಪಾಲು. ಕಟ್ಟಿದ ಕಡ್ಡಿಗಳನ್ನು ಬ್ಯಾರನ್ ಎಂಬ ಎತ್ತರದ ಮನೆಯೊಳಗೆ ಸಾಲಾಗಿ ತೂಗುಹಾಕಿ, ಹೊರಗಿನ ಒಲೆಗೆ ಸೌದೆ ಹಾಕಿ, ಒಳಗಿನ ಶಾಖವನ್ನು ಆರು ದಿನ ಹಂತಹಂತವಾಗಿ ಏರಿಸುವುದು ಗಂಡಸರ ಪಾಲು. ಹೆಚ್ಚಿನ ಕೂಲಿ ಇರುವುದೂ ಆ ಆರು ದಿನಕ್ಕೇ.

ಅವಳ ಗಂಡ ಚಿಕ್ಕಮಾದಯ್ಯ ನಂಜಣ್ಣ ಎಂಬ ಜಮೀನುದಾರರ ಬ್ಯಾರನ್ನಿನಲ್ಲಿ ಸೊಪ್ಪು ಬೇಯಿಸುತ್ತಿದ್ದ. ಹನ್ನೊಂದು ವರ್ಷದ ಹಿಂದೆ ಒಂದು ದಿನ ಕಡ್ಡಿ ಏರಿಸುವಾಗ ಜಾರಿ ಬಿದ್ದು ಕಾಲು ಮುರಿದುಕೊಂಡ. ಬ್ಯಾರನ್ ಅಷ್ಟರಲ್ಲಿ ತುಂಬಿತ್ತು. ಮುರಿದ ಎಲೆ ಯಾರಿಗೂ ಕಾಯುವುದಿಲ್ಲ. ನಂಜಣ್ಣ ಬೇರೆ ಆಳು ಹುಡುಕಲು ಬೈಕ್ ತಿರುಗಿಸುವಷ್ಟರಲ್ಲಿ ಕೆಂಪಾಜಮ್ಮ ಒಲೆ ಹಚ್ಚಿದ್ದಳು. ಅವಳಿಗೆ ಅದು ಹೊಸದಾಗಿರಲಿಲ್ಲ. ಹದಿನೈದು ವರ್ಷ ಗಂಡನಿಗೆ ಊಟ ಹೊತ್ತು ತಂದು, ಅವನು ಉಂಡು ಒರಗಿದಾಗಲೆಲ್ಲ ಸೌದೆ ಹಾಕಿ, ಗಾಜಿನ ಕಿಂಡಿಯಲ್ಲಿ ಎಲೆಯ ಬಣ್ಣ ನೋಡಿ ಅವನನ್ನು ಎಬ್ಬಿಸಿದವಳು ಅವಳೇ. ಅರ್ಧ ಕೆಲಸ ಮೊದಲಿನಿಂದಲೂ ಅವಳದೇ ಆಗಿತ್ತು. ಅದಕ್ಕೆ ಕೂಲಿಯೂ ಇರಲಿಲ್ಲ, ಹೆಸರೂ ಇರಲಿಲ್ಲ.

ಒಲೆ ಬಿಟ್ಟು ಏಳುವಂತಿಲ್ಲ. ಹಾಗಾದರೆ ಮನೆಯಲ್ಲಿ ಅಡುಗೆ ಯಾರು ಮಾಡಬೇಕು? ಕಾಲಿಗೆ ಪಟ್ಟಿ ಹಾಕಿಸಿಕೊಂಡು ಬಂದ ಚಿಕ್ಕಮಾದಯ್ಯನನ್ನು ಗ್ಯಾಸ್ ಒಲೆಯ ಮುಂದೆ ಸ್ಟೂಲಿನ ಮೇಲೆ ಕೂರಿಸಿದಳು.

“ಕಾಲು ಮುರ್ದಿರೋದು, ಕೈಯಲ್ಲ,” ಅಂದಳು.

ಮೊದಲ ದಿನದ ಮುದ್ದೆಯಲ್ಲಿ ಗಂಟುಗಳಿದ್ದವು. ಮೂರನೆಯ ದಿನಕ್ಕೆ ಗಂಟು ಒಡೆಯುವುದನ್ನು ಕಲಿತ. ಆರನೆಯ ದಿನ ಬ್ಯಾರನ್ ಬಾಗಿಲು ತೆಗೆದಾಗ ಎಲೆ ನಿಂಬೆಹಣ್ಣಿನ ಬಣ್ಣಕ್ಕೆ ಬಂದಿತ್ತು. ಕಾಲು ಕೂಡಿದ ಮೇಲೂ ಅವನು ಏಣಿ ಹತ್ತಲಿಲ್ಲ. ಆವತ್ತಿನಿಂದ ವರ್ಷದಲ್ಲಿ ನಾಲ್ಕು ತಿಂಗಳು ದೊಡ್ಡ ಒಲೆ ಅವಳದು, ಚಿಕ್ಕ ಒಲೆ ಅವನದು. ಗಂಡಸಿನ ಕೂಲಿ ಅವಳ ಕೈಗೆ ಬರಲು ಮಾತ್ರ ಮೂರು ಹಂಗಾಮು ಹಿಡಿಯಿತು.

ಈ ವಿಷಯ ಹೈಸ್ಕೂಲಿನ ಕನ್ನಡ ಮೇಷ್ಟ್ರು ಬಸವಪ್ರಸಾದರ ಕಿವಿಗೆ ಬಿತ್ತು. ಮಾರ್ಚ್ ತಿಂಗಳಲ್ಲಿ ಮಹಿಳಾ ಸಂಘಗಳ ಸಮಾರಂಭಕ್ಕೆ ಅವರು ನಾಟಕ ಬರೆಯಬೇಕಾಗಿತ್ತು. ಎರಡು ಸಂಜೆ ಬಂದು, ಕೆಂಪಾಜಮ್ಮನ ಮಾತನ್ನೆಲ್ಲ ಫೋನಿನಲ್ಲಿ ಹಿಡಿದುಕೊಂಡು, ಚಿಕ್ಕಮಾದಯ್ಯ ಮಾಡಿದ ಕಾಫಿ ಕುಡಿದು ಹೋದರು.

ಶಾಲೆಯ ಮೈದಾನದಲ್ಲಿ ನಾಟಕ ನಡೆದಾಗ ಕೆಂಪಾಜಮ್ಮ ಮುಂದಿನ ಸಾಲಿನಲ್ಲಿದ್ದಳು. ಆಶಾ ಕಾರ್ಯಕರ್ತೆ ಗೌತಮಿ ಅವಳ ಪಾತ್ರ ಮಾಡಿದ್ದಳು. ನಾಟಕದಲ್ಲಿ ಗಂಡ ಪ್ರಜ್ಞೆ ತಪ್ಪಿ ಮಲಗಿದ್ದ. ಹೆಂಡತಿ ಒದ್ದೆ ಸೀರೆಯಲ್ಲಿ ಬೆಟ್ಟ ಹತ್ತಿ, ಸಿಡಿಲಿನ ದೇವರೆಂದೇ ಹೆಸರಾದ ಮಲ್ಲಿಕಾರ್ಜುನನಿಗೆ ಹರಕೆ ಹೊತ್ತಳು. ಆರು ದಿನ ಒಂದು ಗುಟುಕು ನೀರೂ ಕುಡಿಯದೆ ಬ್ಯಾರನ್ ಮುಂದೆ ಕೈಮುಗಿದು ಕೂತಳು. ಕೊನೆಗೆ ಬೆಟ್ಟದಿಂದ ಸಿಡಿಲು ಇಳಿದು ಒಲೆ ತಾನಾಗಿ ಹೊತ್ತಿತು, ಸೊಪ್ಪು ಚಿನ್ನವಾಯಿತು, ಗಂಡ ಎದ್ದು ಕೂತ. ಗೌತಮಿ ಅವನ ಪಾದಕ್ಕೆ ಬಿದ್ದಾಗ ಜನ ಶಿಳ್ಳೆ ಹೊಡೆದರು. ಕೆಲವು ಹೆಂಗಸರು ಕಣ್ಣೊರೆಸಿಕೊಂಡರು. ಕೆಂಪಾಜಮ್ಮನ ಕಣ್ಣಲ್ಲೂ ನೀರು ಬಂತು. ಗೌತಮಿ ಅಷ್ಟು ಚೆನ್ನಾಗಿ ಮಾಡಿದ್ದಳು.

ಮುಗಿದ ಮೇಲೆ ಮೇಷ್ಟ್ರ ಹತ್ತಿರ ಹೋಗಿ ಕೇಳಿದಳು. “ಸಿಡ್ಲು ಬಡುದ್ರೆ ಬ್ಯಾರನ್ ಬೂದಿ ಆಯ್ತದೆ ಮೇಷ್ಟ್ರೇ. ಸೊಪ್ಪು ಎಲ್ ಬೇಯ್ತದೆ?”

“ಅದು ನಾಟಕ ಕಣಮ್ಮ. ನೀನು ಆರು ದಿನ ಥರ್ಮಾಮೀಟರ್ ನೋಡ್ಕೊಂಡು ಕೂತಿದ್ದನ್ನ ಹಂಗೇ ತೋರಿಸಿದ್ರೆ ಜನ ಎದ್ದು ಹೋಗ್ತಾರೆ.”

“ನಮ್ಮನೆಯೋರು ಮುದ್ದೆ ಮಾಡಿದ್ದು?”

“ಅದನ್ನ ಹಾಕಿದ್ರೆ ನಕ್ಕುಬಿಡ್ತಾರೆ.”

“ನಗ್ಲಿ ಬುಡಿ. ನಾವೂ ನಕ್ಕಿದ್ವಿ.”

ಮೇಷ್ಟ್ರು ಶಾಲು ಹೊದಿಸಿ, ಫೋಟೊ ತೆಗೆಸಿ ಕಳಿಸಿದರು.

ಜುಲೈ ಬಂತು. ಗಿಡದ ಕೆಳಗಿನ ಎಲೆ ಮುರಿಯುವ ಹೊತ್ತಿಗೆ ನಂಜಣ್ಣ ತಟ್ಟೆಯಲ್ಲಿ ಸೀರೆ, ತೆಂಗಿನಕಾಯಿ, ಬಾಳೆಹಣ್ಣು ಇಟ್ಟುಕೊಂಡು ಮನೆಗೇ ಬಂದರು. ಹನ್ನೊಂದು ವರ್ಷ “ಏಯ್ ಕೆಂಪಾಜಿ, ನಾಳೆ ಬಾ” ಎಂದು ಬೇಲಿಯಾಚೆಯಿಂದ ಕೂಗುತ್ತಿದ್ದವರು.

“ಕೆಂಪಾಜಮ್ನೋರೆ, ಈ ಸಲ ಮೊದಲ ಬೆಂಕಿ ನಿಮ್ಮ ಕೈಯಿಂದ್ಲೇ ಆಗ್ಬೇಕು. ಮಡೀಲಿ ಬನ್ನಿ.”

ಚಿಕ್ಕಮಾದಯ್ಯ ಹಿಗ್ಗಿದ. ಆ ಸಂಜೆ ಅವನು ಒಲೆಯ ಕಡೆ ಹೋಗಲೇ ಇಲ್ಲ.

“ಯಾಕೆ, ಮುದ್ದೆಗೆ ಇಟ್ಟು ತೊಳ್ಸಲ್ವಾ?” ಎಂದು ಕೆಂಪಾಜಮ್ಮ ಕೇಳಿದಳು.

“ದೇವ್ರು ಒಲಿದಿರೋ ಎಂಗ್ಸಿನ ಗಂಡ ಮುದ್ದೆ ತಿರುವ್ತಾ ಕೂತ್ರೆ ನೋಡ್ದೋರು ಏನಂದಾರು? ನಾಟಕದಲ್ಲಿ ನಾನು ಒಲೆ ಮುಂದೆ ಇದ್ನಾ?”

“ನಾಟಕದಲ್ಲಿ ನಿಂಗೆ ಗ್ಯಾನ ಇರ್ಲಿಲ್ಲ. ಈಗ್ಲೂ ಇಲ್ಲ, ಬುಡು,” ಎಂದು ಅವಳೇ ಎದ್ದು ಹಿಟ್ಟು ಹಾಕಿದಳು.

ಮರುದಿನ ಬ್ಯಾರನ್ ಬಾಗಿಲಲ್ಲಿ ಪೂಜೆ ಆಯಿತು. ಅವಳು ಕರ್ಪೂರ ಹಚ್ಚಿ ಒಲೆಗೆ ಬೆಂಕಿ ಇಟ್ಟಳು. ತಾಂಬೂಲ ಕೊಟ್ಟರು. ಅಲ್ಲೇ ಕೊಟ್ಟರು, ಮನೆಯೊಳಕ್ಕೆ ಕರೆಯಲಿಲ್ಲ. ಸೆರಗು ಸಿಕ್ಕಿಸಿ ಅವಳು ಸೌದೆಯ ಕಡೆ ತಿರುಗಿದಾಗ ನಂಜಣ್ಣ ಅಡ್ಡ ಬಂದರು.

“ನೀವ್ಯಾಕಮ್ಮ ಈ ಮಸಿ ಕೆಲ್ಸ ಮಾಡ್ತೀರಿ? ಸುನೀಲ್‌ಕುಮಾರನ್ನ ಗೊತ್ತು ಮಾಡಿದೀನಿ. ನಿಮ್ಮ ಕೈ ಸೋಕ್ತಲ್ಲ, ಸಾಕು.”

ಸುನೀಲ್‌ಕುಮಾರ ನಂಜಣ್ಣನ ತಂಗಿಯ ಮಗ. ಎರಡು ಹಂಗಾಮು ಬೇರೆಯವರ ಬ್ಯಾರನ್ನಿನಲ್ಲಿ ಕೈ ಕೆಳಗೆ ದುಡಿದಿದ್ದ. ಕೆಂಪಾಜಮ್ಮನಿಗೆ ಆಗ ಅರ್ಥವಾಯಿತು. ಅವಳಿಗೆ ಬಂದದ್ದು ಒಂದು ಸೀರೆ, ಹೋದದ್ದು ನಾಲ್ಕು ತಿಂಗಳ ಕೆಲಸ. ಊರಿನ ಇನ್ನೆರಡು ಬ್ಯಾರನ್ನಿನವರೂ ಅಷ್ಟರಲ್ಲಿ ಕಾಯಿ, ಹಣ್ಣು ಹಿಡಿದು ಮೊದಲ ಬೆಂಕಿಗೆ ಮಾತ್ರ ಕರೆದು ಹೋಗಿದ್ದರು.

ಬೆಂಕಿ ಇಟ್ಟ ಮೂರನೆಯ ದಿನ ಅವಳು ಅದೇ ನಂಜಣ್ಣನ ಅಂಗಳಕ್ಕೆ, ಅವರ ಎರಡನೇ ಬ್ಯಾರನ್ನಿಗೆ ಕಡ್ಡಿ ಕಟ್ಟುವ ಕೂಲಿಗೆ ಹೋದಳು. ಸುಮ್ಮನೆ ಕೂರುವ ಮನೆತನ ಅವಳದಲ್ಲ. ಪಕ್ಕದಲ್ಲಿ ಕೂತ ಹೆಂಗಸರು “ದೇವಿ ಬಂದ್ಲು, ಜಾಗ ಬುಡ್ರಮ್ಮಿ” ಎಂದು ರೇಗಿಸಿದರು. ಮಧ್ಯಾಹ್ನ ಊಟಕ್ಕೆ ಎದ್ದಾಗ ಕಿಂಡಿಯಲ್ಲಿ ಇಣುಕಿದಳು. ಎಲೆಯ ಅಂಚು ಹಳದಿ, ನಡುವೆಲ್ಲ ಇನ್ನೂ ಹಸಿರು. ಥರ್ಮಾಮೀಟರ್ ನೂರಿಪ್ಪತ್ತು ಫ್ಯಾರನ್‌ಹೀಟ್ ದಾಟಿತ್ತು. ಪಕ್ಕದ ಹೊಲದವರ ಬ್ಯಾರನ್ನಿಗಿಂತ ಒಂದು ದಿನ ಮೊದಲೇ ಇಳಿಸುತ್ತೇನೆ ಎಂದು ಸುನೀಲ್‌ಕುಮಾರ ಪಂಥ ಕಟ್ಟಿದ್ದ.

“ಏನ್ಲಾ ಸುನೀಲ, ನೂರಕ್ಕೆ ಇಳ್ಸಿ ನಿಲ್ಸು. ಹಳ್ದಿ ಪೂರಾ ತಿರುಗೋ ಮುಂಚೆ ಶಾಖ ಏರ್ಸುದ್ರೆ ಅಸ್ರು ಅಂಗೇ ಕೂತ್ಕತ್ತದೆ. ಆಮೇಲೆ ಏನ್ ಮಾಡುದ್ರೂ ಓಗಲ್ಲ.”

“ನೀವು ಬೆಂಕಿ ಮುಟ್ಟಿ ಕೊಟ್ಟಿದೀರಲ್ಲಜ್ಜಿ. ಹಸಿರು ಹೆಂಗ್ ಕೂರ್ತದೆ?” ಎಂದು ಅವನು ಕೈಮುಗಿದ. ಅದು ತಮಾಷೆಯೋ ನಂಬಿಕೆಯೋ ಅವಳಿಗೆ ತಿಳಿಯಲಿಲ್ಲ.

ಐದನೆಯ ದಿನ ಬಾಗಿಲು ತೆಗೆದರು. ಮುಕ್ಕಾಲು ಪಾಲು ಎಲೆ ಗಿಳಿಯ ರೆಕ್ಕೆಯಂತೆ ಹಸಿರಾಗಿಯೇ ಒಣಗಿ ನಿಂತಿತ್ತು.

ನಂಜಣ್ಣ ಸುನೀಲ್‌ಕುಮಾರನನ್ನು ಬೈಯಲಿಲ್ಲ. ನೇರವಾಗಿ ಕೆಂಪಾಜಮ್ಮನ ಮನೆಗೆ ಬಂದರು.

“ನಿಜ ಹೇಳಿ. ಆವತ್ತು ಉಪವಾಸ ಇದ್ರಾ?”

“ಇಲ್ಲ. ಬೆಳಿಗ್ಗೆ ತಂಗಳು ಮುದ್ದೆ ಉಂಡು ಬಂದಿದ್ದೆ.”

“ಅದ್ಕೇ ಹಿಂಗಾಗಿದೆ!”

ಕೆಂಪಾಜಮ್ಮ ಒಳಗೆ ಹೋಗಿ ಆ ಸೀರೆಯನ್ನು ತಂದು ಜಗುಲಿಯ ಮೇಲಿಟ್ಟಳು. ಮಡಿಕೆ ಬಿಚ್ಚಿರಲಿಲ್ಲ.

“ಗೌಡ್ರೆ, ಹನ್ನೊಂದು ವರ್ಸ ನಿಮ್ ಸೊಪ್ಪು ಬೇಯ್ಸಿದೀನಿ. ಒಂದಿನಾನಾದ್ರೂ ಉಪಾಸ ಇದ್ನಾ? ಉಣ್ದಿದ್ರೆ ಕಣ್ಣು ಕತ್ಲಿಡ್ತದೆ, ಕಣ್ಣು ಕತ್ಲಿಟ್ರೆ ಬಣ್ಣ ಕಾಣಲ್ಲ. ಅಷ್ಟೇ ಇರೋದು. ಎರಡನೇ ಬ್ಯಾರನ್ ತುಂಬ್ಸಿದೀರಿ. ಅದೂ ಅಸ್ರಾಗ್ಬೇಕು ಅಂದ್ರೆ ಕಾಯಿ ಒಡೀರಿ. ಹಳ್ದಿ ಆಗ್ಬೇಕು ಅಂದ್ರೆ ಆರು ದಿನ ಒಲೆ ನಂಗೆ ಬುಡಿ. ಕೂಲಿ ಓದ್ ವರ್ಸ ಕೊಟ್ಟಷ್ಟೇ.”

ನಂಜಣ್ಣ ಸೀರೆಯನ್ನು ನೋಡಿದರು, ಬ್ಯಾರನ್ ಇರುವ ದಿಕ್ಕನ್ನು ನೋಡಿದರು. ಕಟ್ಟಿದ ಎಲೆ ಅಲ್ಲಿ ಬಾಡುತ್ತಿತ್ತು.

“ಸರಿ, ಬಾ ಕೆಂಪಾಜಿ,” ಅಂದರು.

“ನೀವು ತಾವು ಅನ್ನೋದ್ನ ಬುಡಬೇಡಿ ಗೌಡ್ರೆ. ಕಿವೀಗೆ ಚೆನ್ನಾಗಿತ್ತು. ಅದೂ ಇರ್ಲಿ, ಕೂಲೀನೂ ಇರ್ಲಿ.”

ಹೊರಡುವ ಮುಂಚೆ ಹಿಟ್ಟಿನ ಡಬ್ಬ ತಂದು ಗಂಡನ ಮುಂದಿಟ್ಟಳು. ಚಿಕ್ಕಮಾದಯ್ಯ ಡಬ್ಬವನ್ನು ನೋಡಿದ. ಜಗುಲಿಯಲ್ಲಿ ನಂಜಣ್ಣ ಇನ್ನೂ ನಿಂತಿದ್ದುದನ್ನು ಕಂಡು ಡಬ್ಬ ಎತ್ತಿಕೊಂಡು ಒಳಗೆ ಸರಿದ.

ಅವಳು ಒಲೆ ಹಚ್ಚಿದ ಮೂರನೆಯ ದಿನ ಬಸವಪ್ರಸಾದ್ ಮೇಷ್ಟ್ರು ಫೋನ್ ಮಾಡಿದರು. ಸಂಜೆ ಪಿರಿಯಾಪಟ್ಟಣದಲ್ಲಿ ನಾಟಕದ ಎರಡನೇ ಪ್ರದರ್ಶನ, ವೇದಿಕೆಯ ಮೇಲೆ ಅವಳಿಗೆ ಸನ್ಮಾನ, ಕಾರು ಕಳಿಸುತ್ತೇವೆ ಅಂದರು.

“ಇವತ್ತು ಆಗಲ್ಲ ಮೇಷ್ಟ್ರೇ. ಹಳ್ದಿ ತಿರುಗ್ತಾ ಐತೆ. ಸಿಡ್ಲು ಇನ್ನೂ ಬಂದಿಲ್ಲ, ನಾನೇ ಸೌದೆ ಆಕ್ತಾ ಇದೀನಿ.”

ಫೋನ್ ಇಟ್ಟಾಗ ಚಿಕ್ಕಮಾದಯ್ಯ ಟವೆಲ್ಲಿನಲ್ಲಿ ಸುತ್ತಿದ ಪಾತ್ರೆ ಹಿಡಿದು ಬಂದ. ಹೊಲದ ಬದಿಯ ದಾರಿ ಬಿಟ್ಟು, ಎಲ್ಲರೂ ಓಡಾಡುವ ರಸ್ತೆಯಲ್ಲೇ ಬಂದಿದ್ದ.

“ಸಾರಿಗೆ ಉಪ್ಪು ಆಕಿದ್ನೋ ಇಲ್ವೋ, ನೆಪ್ಪಿಲ್ಲ ಕಣಮ್ಮಿ,” ಅಂದ.

ಅವಳು ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗಿದಳು. ಕಣ್ಣು ಕಿಂಡಿಯ ಮೇಲೇ ಇತ್ತು.

“ಆಕಿಲ್ಲ,” ಅಂದಳು. ಅವನು ಉಪ್ಪು ತರಲು ಮನೆಯ ಕಡೆ ತಿರುಗಿದ.