ಕೊತ್ತಂಬರಿ ಕುಂಡದಲ್ಲಿ ಹುಟ್ಟಿದ ಮರುಭೂಮಿಯ ಹೂವು

ಬೀಜದ ನೆತ್ತಿಯ ಮೇಲೆ ಒಂದು ಬಟ್ಟಲು, ಬಟ್ಟಲಿನಿಂದ ಎದ್ದ ಒಂದೇ ಒಂದು ಕೂದಲು. ಕೂದಲಿನ ತುದಿ ಮಾತ್ರ ಗರಿಯಂತೆ ಬಿಚ್ಚಿಕೊಂಡಿತ್ತು. ಬರಿಗಣ್ಣಿಗೆ ಇದು ಕಾಣುವುದಿಲ್ಲ. ನಾನು ಕೆಲಸ ಮಾಡುವ ಸಸ್ಯಸಂಗ್ರಹಾಲಯಕ್ಕೆ ಕಳೆದ ತಿಂಗಳು ಅಮೆರಿಕದ ಮರುಭೂಮಿಯಿಂದ ಒಣಗಿಸಿದ ಗಿಡಗಳ ಕಟ್ಟೊಂದು ಬಂದಿತ್ತು. ಅದರಲ್ಲೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಈ ಕೂದಲು ಕಂಡಿತು. ವೈನಿ ನೆನಪಾದರು...

ಆಗ ನಾನಿನ್ನೂ ಸಸ್ಯಶಾಸ್ತ್ರ ಓದುತ್ತಿದ್ದೆ. ಜರ್ಮನಿಯ ಬೊಬ್ಲಿಂಗೆನ್‌ನಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಮೇಲಿನ ಮನೆಯಲ್ಲಿ ಬಾಗಲಕೋಟೆ ಕಡೆಯ ದಂಪತಿಗಳಿದ್ದರು. ಮೈಸೂರಿನವಳಾದ ನಾನು ಮೊದಲ ದಿನ ಅತ್ತಿಗೆ ಎಂದು ಕರೆದೆ. "ವೈನಿ ಅನ್ನವಾ, ಊರಾಗ ಇದ್ದಂಗ ಅನಸ್ತೈತಿ," ಎಂದರು. ಅವರ ಗಂಡ ಎಂಜಿನಿಯರ್. ಹೊಸ ಕಾರುಗಳನ್ನು ಬಿಸಿಲಿನಲ್ಲಿ ಓಡಿಸಿ ಪರೀಕ್ಷಿಸಲು ಆಗಾಗ ಅಮೆರಿಕದ ಮರುಭೂಮಿಗೆ ಹೋಗಿಬರುತ್ತಿದ್ದ. ಕನ್ನಡದವರ ಹಬ್ಬಗಳಲ್ಲಿ ಪಂಕ್ತಿಗೆ ಅವನೇ ಬಡಿಸುತ್ತಿದ್ದ, ಎಲ್ಲರೂ ಸರ್ ಎನ್ನುತ್ತಿದ್ದರು.

ಅವನು ಮನೆಯಲ್ಲಿದ್ದ ವಾರಗಳಲ್ಲಿ ನನ್ನ ಛಾವಣಿ ಅದುರುತ್ತಿತ್ತು. ಮೊದಲು ಕುರ್ಚಿ ಬೀಳುವ ಸದ್ದು, ಆಮೇಲೆ ಅದಕ್ಕಿಂತ ಮೆತ್ತಗಿನದೇನೋ ಬೀಳುವ ಸದ್ದು. ಒಮ್ಮೆ ವೈನಿಯ ಮಣಿಕಟ್ಟು ಮುರಿದಿತ್ತು, ಒಮ್ಮೆ ಕಿವಿಯ ಹಾಲೆ ಹರಿದಿತ್ತು. ಮೆಟ್ಟಿಲಲ್ಲಿ ಜಾರಿದೆ ಎಂದು ಡಾಕ್ಟರಿಗೂ ಹೇಳಿದ್ದರು, ನನಗೂ ಹೇಳಿದರು.

"ಎಷ್ಟು ಸಲ ಜಾರ್ತೀರಿ ವೈನಿ?"

"ಈ ಜರ್ಮನ್ ಮಂದಿ ಮೆಟ್ಟಲಾ ಭಾಳ ತೊಳಿತಾರ ನೋಡು," ಎಂದು ನಕ್ಕರು. ನಾನು ನಗಲಿಲ್ಲ. ಪೊಲೀಸರನ್ನು ಕರೆಯೋಣವೇ ಎಂದಾಗ ಬೇಡವೆಂದರು. "ನನ್ನ ವೀಸಾ ಅವರ ಹೆಸರಿನ ಮ್ಯಾಲ ಐತಿ ತಂಗಿ. ಬಂದವರ ಮುಂದ ಏನಂತ ಹೇಳ್ಲಿ? ನನಗ ಹೇಳಾಕ ಬರಂಗಿಲ್ಲ. ಹಿಂಗ ಒಂದಿನ ಸತ್ತ ಹೊಕ್ಕೀನಿ, ಆತು."

ಒಂದು ಏಪ್ರಿಲ್‌ನ ಶನಿವಾರ ಮಧ್ಯಾಹ್ನ ವೈನಿ ಬಾಲ್ಕನಿಯ ಕೊತ್ತಂಬರಿ ಕುಂಡವನ್ನು ಎತ್ತಿಕೊಂಡು ಕೆಳಗೆ ಬಂದರು. ಮರುಭೂಮಿಯಿಂದ ಬಂದಿದ್ದ ಗಂಡನ ಬೂಟಿನ ಮಣ್ಣನ್ನು ಅದರಲ್ಲಿ ಝಾಡಿಸಿದ್ದರಂತೆ. ಕೊತ್ತಂಬರಿಯ ನಡುವೆ ನೆಲಕ್ಕಂಟಿ ಒಂದು ಗಿಡ ಹರಡಿತ್ತು. ಮೈತುಂಬ ರೋಮ, ಅಂಗಿ ಗುಂಡಿಯಷ್ಟಗಲದ ಒಂದೇ ಹೂವು, ಬಿಳಿ ಎಸಳು, ಹಳದಿ ನಡು. ಸೇವಂತಿಗೆಯ ಕುಟುಂಬದ್ದು. ಮಳೆ ಬಿದ್ದಾಗ ಹುಟ್ಟಿ, ಹೂಬಿಟ್ಟು, ಬಿಸಿಲೇರುವ ಮೊದಲು ಸಾಯುವ ಜಾತಿ.

ಗಿಡ ಗುರುತಿಸುವ ಪುಸ್ತಕದಲ್ಲಿ ಸಾಲಾಗಿ ಪ್ರಶ್ನೆಗಳಿರುತ್ತವೆ. ಒಂದಕ್ಕೆ ಉತ್ತರಿಸಿದರೆ ಅದು ಇನ್ನೊಂದಕ್ಕೆ ಕಳಿಸುತ್ತದೆ. ನಾನು ಓದಿದೆ, ವೈನಿ ಲೆನ್ಸ್ ಹಿಡಿದು ನೋಡಿದರು.

"ಇರಬಹುದು ಅನ್ನಬೇಡಿ ವೈನಿ. ಕಂಡಿದ್ದಷ್ಟೇ ಹೇಳಿ. ಎಲೆ ಮೇಲೆ ರೋಮ ಇದೆಯಾ?"

"ಐತಿ."

"ಎಲೆಯ ಅಂಚು ಹಲ್ಲುಹಲ್ಲಾಗಿದೆಯಾ?"

"ಇಲ್ಲ."

ಕೊನೆಯ ಪ್ರಶ್ನೆಗೆ ಹೂವನ್ನು ಸೀಳಬೇಕಿತ್ತು. ಥೇಟ್ ಒಂದೇ ಥರ ಕಾಣುವ ಎರಡು ಜಾತಿಗಳಿವೆ, ಒಳಗಿನ ಬೀಜದ ನೆತ್ತಿ ಮಾತ್ರ ಬೇರೆ. "ಇರೂದ ಒಂದ ಹೂವ," ಎಂದು ವೈನಿ ತಡೆದರು. ಆಮೇಲೆ ತಾವೇ ಉಗುರಿನಿಂದ ಸೀಳಿದರು. "ಬಟ್ಟಲಾ ಐತಿ. ಕೂದಲಾ ಒಂದ. ಎರಡಿಲ್ಲ."

ಅಷ್ಟರಲ್ಲಿ ಬಾಗಿಲು ಗೋಡೆಗೆ ಬಡಿಯಿತು, ಅವರ ಗಂಡ ಒಳಗೆ ನುಗ್ಗಿದ. "ಮ್ಯಾಲ ಒಲಿ ಹಚ್ಚಿಲ್ಲ, ಇಲ್ಲಿ ಹೂವಾ ನೋಡಾಕತ್ತಿ ಏನ?" ಅವನು ವೈನಿಯ ಜಡೆಯನ್ನು ಕೈಗೆ ಸುತ್ತಿಕೊಂಡು ಮುಖವನ್ನು ಮೇಜಿಗೆ ಅಪ್ಪಳಿಸಿದ. ಮತ್ತೊಮ್ಮೆ ಅಪ್ಪಳಿಸಿದ. ಮೂಗಿನ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ನಾನು ಅವನ ತೋಳಿಗೆ ಜೋತುಬಿದ್ದೆ. ಅವನು ಕೊಡವಿದ ರಭಸಕ್ಕೆ ಪುಸ್ತಕದ ಕಪಾಟಿಗೆ ಬಡಿದು ಬಿದ್ದೆ. ನೆಲಕ್ಕೆ ಕುಸಿದಿದ್ದ ವೈನಿಯ ಪಕ್ಕೆಗೆ ಅವನು ಒದೆಯತೊಡಗಿದ, ಒದೆತಕ್ಕೊಮ್ಮೆ "ಏಳ" ಎನ್ನುತ್ತಿದ್ದ. ಒಡೆದ ಲೆನ್ಸಿನ ಚೂರು ಅವರ ಅಂಗೈಯಲ್ಲಿ ನೆಟ್ಟಿತ್ತು. ನಾನು ಬಚ್ಚಲುಮನೆಗೆ ಓಡಿ ಚಿಲಕ ಹಾಕಿ ಪೊಲೀಸರಿಗೆ ಫೋನ್ ಮಾಡಿದೆ. ಹೊರಗೆ ಬಂದಾಗ ಅವನು ನನ್ನ ಕುರ್ಚಿಯಲ್ಲಿ ಕೂತು ಏದುಸಿರು ಬಿಡುತ್ತಿದ್ದ.

ಪೊಲೀಸರು ಅವನನ್ನು ಹೊರಗೆ ಕರೆದೊಯ್ದರು. ಒಬ್ಬ ಮಹಿಳಾ ಅಧಿಕಾರಿ ವೈನಿಯ ಪಕ್ಕ ನೆಲದ ಮೇಲೆಯೇ ಕೂತಳು. ಅವಳ ಪ್ರಶ್ನೆಗಳನ್ನು ನಾನು ಕನ್ನಡಕ್ಕೆ ತಂದೆ. ವೈನಿ ಜಾರಿದೆ ಎನ್ನುತ್ತಾರೆಂದು ಕಾದೆ.

"ನಿಮ್ಮ ಗಂಡ ಹೊಡೆದರಾ?"

"ಹೌದು."

"ಇದೇ ಮೊದಲ ಸಲವಾ?"

"ಅಲ್ಲ."

"ಮಣಿಕಟ್ಟು?" ಇದನ್ನು ನಾನೇ ಸೇರಿಸಿ ಕೇಳಿದೆ.

"ಅವರ ಮುರದ್ರು. ಕಂಡಿದ್ದ ಹೇಳಾಕತ್ತೀನಿ."

ಬಾಯಿಂದ ರಕ್ತ ಸುರಿಯುತ್ತಿತ್ತು, ಆದರೂ ಒಂದೊಂದಕ್ಕೂ ಉತ್ತರ ಕೊಟ್ಟರು. ಸ್ಟ್ರೆಚರ್ ಮೇಲೆ ಮಲಗಿಸಿದಾಗ ನನ್ನತ್ತ ತಿರುಗಿ, "ಅದರ ಹೆಸರ ಹೇಳ್ಲೇ ಇಲ್ಲಲ್ಲ ನೀ," ಎಂದರು. ನಾನು ಲ್ಯಾಟಿನ್ ಹೆಸರು ಹೇಳಿದೆ. "ಬಾಯಿ ತಿರಗೂದಿಲ್ಲವಾ. ಒಂಟಿಕೂದಲಿ ಅಂತೀನಿ ತಗೋ." ಒಡೆದ ತುಟಿಯಲ್ಲೇ ನಗಲು ನೋಡಿದರು...

ಆಸ್ಪತ್ರೆಯಿಂದ ಅವರನ್ನು ಫ್ರಾವೆನ್‌ಹೌಸ್‌ಗೆ ಕರೆದೊಯ್ದರು. ಹೊಡೆತದಿಂದ ತಪ್ಪಿಸಿಕೊಂಡು ಬಂದ ಹೆಂಗಸರಿಗಾಗಿ ಇರುವ ಮನೆ ಅದು, ವಿಳಾಸವನ್ನು ಯಾರಿಗೂ ಹೇಳುವುದಿಲ್ಲ. ಅವರ ಹಳೆಯ ಫೋನ್ ನಂಬರು ನಿಂತುಹೋಯಿತು. ನನಗೆ ಮಾತ್ರ ಕನ್ನಡದವರಿಂದ ಫೋನ್ ಬರುತ್ತಲೇ ಇತ್ತು. "ಗಂಡ-ಹೆಂಡ್ತಿ ವಿಷ್ಯ, ನಾವೇ ಕೂತು ಮಾತಾಡ್ತಿದ್ವಿ. ಪೊಲೀಸ್ ಯಾಕಮ್ಮಾ ಬೇಕಿತ್ತು?" ಕೋರ್ಟು ಕೊಟ್ಟ ಶಿಕ್ಷೆ ಅಮಾನತಿನಲ್ಲೇ ಮುಗಿಯಿತು, ಅವನು ಜೈಲಿಗೆ ಹೋಗಲಿಲ್ಲ. ಅವನು ಮತ್ತೆ ಪಂಕ್ತಿಗೆ ಬಡಿಸತೊಡಗಿದ. ನಾನು ಹೋಗುವುದನ್ನು ಬಿಟ್ಟೆ.

ವೈನಿಯನ್ನು ಹುಡುಕುವಂತಿಲ್ಲ. ಅವರು ಎಲ್ಲಿದ್ದಾರೆ, ಹೇಗಿದ್ದಾರೆ, ನನಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಅವರಿಗೆ ಒಳ್ಳೆಯದು ಎಂದು ಮನಸ್ಸು ಒಪ್ಪಿದೆ. ಆದರೂ ಎಸ್-ಬಾನ್ ರೈಲಿನಲ್ಲಿ ಯಾರದಾದರೂ ಉದ್ದ ಜಡೆ ಕಂಡರೆ ಮುಖ ತಿರುಗಲಿ ಎಂದು ಕಾಯುತ್ತೇನೆ...

ಕಳೆದ ವಾರ ಇಂಡಿಯನ್ ಅಂಗಡಿಯಲ್ಲಿ ಅವನು ಎದುರಾದ. "ಆಕಿ ಯಾವ ಊರಾಗ ಅದಾಳ ತಂಗಿ? ನಿನಗ ಗೊತ್ತಿರತೈತಿ." ಗೊತ್ತಿಲ್ಲ ಎಂದೆ. ನಗುತ್ತಲೇ ನನ್ನ ಮುಂಗೈ ಹಿಡಿದು, ಬೆರಳು ಮರಗಟ್ಟುವವರೆಗೆ ಹಿಚುಕಿದ. "ಇವತ್ತಲ್ಲ ನಾಳಿ ಸಿಗ್ತಾಳ. ಸಿಕ್ಕ ದಿನ ಉಳಿಯಂಗಿಲ್ಲ."

ಮರುದಿನ ಬೆಳಿಗ್ಗೆ ಕೆಲಸಕ್ಕೆ ರಜೆ ಹಾಕಿ ಪೊಲೀಸ್ ಠಾಣೆಗೆ ಹೋದೆ. ಅಂಗಿಯ ತೋಳು ಮಡಚಿ ಅವನ ಬೆರಳಿನ ಗುರುತುಗಳನ್ನು ತೋರಿಸಿದೆ. ಅವನು ಆಡಿದ ಮಾತನ್ನು ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ಒಂದೂ ಪದ ಬಿಡದೆ ಜರ್ಮನ್‌ನಲ್ಲಿ ಬರೆಸಿದೆ.