ಸೂಜಿ ಹಾಕಿಸಿಕೊಂಡವರ ಕುಸ್ತಿ

ನಮ್ಮ ಬೀದಿಯ ಜವಳಿ ಅಂಗಡಿಯವರು ಹೊಸದಾಗಿ ಒಂದು ರೇಡಿಯೋ ತಂದಿದ್ದಾರೆ. ತಂದ ದಿನದಿಂದ ಅದು ಬೀದಿಗೆ ಮುಖ ಮಾಡಿಕೊಂಡು ಜಗಲಿಯ ಮೇಲೇ ಕೂತಿದೆ. ಹಿಂದೂಪುರದವರೆಲ್ಲ ಕೇಳಲಿ ಎನ್ನುವ ಉದಾರತೆಯೋ, ತಮ್ಮಲ್ಲಿ ರೇಡಿಯೋ ಇದೆಯೆಂದು ಹಿಂದೂಪುರದವರಿಗೆಲ್ಲ ಗೊತ್ತಾಗಲಿ ಎನ್ನುವ ಆಸೆಯೋ, ನಾನು ವಿಚಾರಿಸಲು ಹೋಗಿಲ್ಲ. ಈವತ್ತು ಮಧ್ಯಾಹ್ನ ಅದರಲ್ಲಿ ಮದರಾಸಿನ ಕ್ರಿಕೆಟ್ ಆಟದ ವರದಿ ಬರುತ್ತಿತ್ತು. ಹೇಳುವಾತನ ಇಂಗ್ಲಿಷು ನನಗೆ ಹತ್ತುವುದಿಲ್ಲ, ಆಟವಂತೂ ಮೊದಲೇ ತಿಳಿಯದು. ಹಾಗಾಗಿ ಯಾವ ಆತಂಕವೂ ಇಲ್ಲದೆ ಎಲೆಅಡಿಕೆ ಮೆಲ್ಲುತ್ತ ಕೂತಿದ್ದೆ. ಇದ್ದಕ್ಕಿದ್ದಂತೆ ಆತನ ಮಾತು ಮುಳುಗಿಹೋಗಿ ಅದರ ಹಿಂದಿನಿಂದ ಜನರ ಕೂಗು ಎದ್ದಿತು. ಸಾವಿರಾರು ಗಂಟಲು ಒಂದೇ ಸಲ. ನನ್ನ ಕೈ ಮೇಲಿನ ರೋಮವೆಲ್ಲ ಎದ್ದುನಿಂತಿತು. ಪಕ್ಕದಲ್ಲಿದ್ದವರು ನನ್ನ ಮುಖ ನೋಡಿ, "ಏನಿಲ್ಲ ಸ್ವಾಮಿ, ಯಾರೋ ಔಟಾದ್ನಂತೆ, ಅಷ್ಟೇಯ" ಎಂದು ಸಮಾಧಾನ ಹೇಳಿದರು.

ನನ್ನನ್ನು ಹಿಡಿದದ್ದು ಆ ಔಟಾದವನಲ್ಲ, ಆ ಕೂಗು. ಅಂಥದೊಂದು ಕೂಗನ್ನು ನಾನು ಜೀವಮಾನದಲ್ಲಿ ಒಮ್ಮೆ ಕಿವಿಯಾರೆ ಕೇಳಿದ್ದೇನೆ. ನಿಮಗೆ ಪುರುಸೊತ್ತಿದ್ದರೆ ಕೂತುಕೊಳ್ಳಿ, ಹೇಳುತ್ತೇನೆ. ನಾನು ನೇರವಾಗಿ ಹೇಳುವವನಲ್ಲ ಎಂಬುದು ಮಾತ್ರ ನಿಮಗೆ ಮೊದಲೇ ತಿಳಿದಿರಲಿ.

ಆಗ ನಾನು ಇನ್ನೂ ಮದುವೆಯಾಗದ ಹುಡುಗ, ಇಲ್ಲಿನ ಬೆಲ್ಲದ ಮಂಡಿಯಲ್ಲಿ ಗುಮಾಸ್ತ. ಆ ವರ್ಷ ಹಿಂದೂಪುರದಲ್ಲಿ ಇಲಿ ಬಿದ್ದವು. ಇಲಿ ಬಿದ್ದವು ಎಂದರೆ ಆ ಕಾಲದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪ್ಲೇಗು ಬಂತು, ಮನೆಗೆ ಬೀಗ ಹಾಕು, ಊರು ಬಿಡು, ಅಷ್ಟೆ. ಮಂಡಿ ಮುಚ್ಚಿತು. ನಾನು ಕರ್ಪೂರದ ಗಂಟೊಂದನ್ನು ಕೊರಳಿಗೆ ಕಟ್ಟಿಕೊಂಡು, ಜಾಣನಂತೆ, ಅಕ್ಕನ ಊರಾದ ಕಲ್ಯಾಣದುರ್ಗಕ್ಕೆ ಓಡಿದೆ. ಬಸ್ಸಿಳಿದು ನೋಡಿದರೆ ಅಲ್ಲಿಯೂ ಜನ ಮಂಚ, ಒರಳು, ಮುದುಕಿಯರನ್ನೆಲ್ಲ ಗಾಡಿಗೆ ಹೇರಿಕೊಂಡು ಊರಾಚೆಗೆ ಹೊರಟಿದ್ದರು. ಪ್ಲೇಗು ನನಗಿಂತ ಮುಂಚಿನ ಬಸ್ಸಿಗೇ ಬಂದು ಇಳಿದಿತ್ತು. ಅಕ್ಕ ನನ್ನನ್ನು ನೋಡಿ, "ಬಂದ್ಯಾ, ಬಾ, ಈ ಚಾಪೆ ಕಟ್ಟು ಎತ್ಕೋ" ಎಂದಳು. ನನಗೆ ಸಿಕ್ಕಿದ ಉಪಚಾರ ಅದೊಂದೇ.

ಊರಾಚೆ ಕೆರೆಯಂಗಳದ ದಂಡೆಯಲ್ಲಿ ಜೋಳದ ಸಪ್ಪೆ ಹೊದಿಸಿದ ಗುಡಿಸಲುಗಳು ಎದ್ದವು. ಒಂದು ಗುಡಿಸಲಿಗೂ ಇನ್ನೊಂದಕ್ಕೂ ಕೂಗಿದರೆ ಮಾತ್ರ ಕೇಳುವಷ್ಟು ದೂರ. ತಿಂಗಳುಗಟ್ಟಲೆ ಹಾಗೇ ಇದ್ದೆವು. ಸಂತೆ ಇಲ್ಲ, ಮದುವೆ ಇಲ್ಲ, ಭಜನೆ ಇಲ್ಲ. ಹೆಣ ಹೋಗುವಾಗ ತಮಟೆಯೂ ಇಲ್ಲ. ಎದುರಿಗೆ ಯಾರಾದರೂ ಬಂದರೆ ದಾರಿ ಬಿಟ್ಟು ಹೊಲಕ್ಕಿಳಿಯುವುದು ನಮಗೆ ರೂಢಿಯಾಗಿಹೋಯಿತು. ಹತ್ತು ಜನ ಒಟ್ಟಿಗೆ ನಕ್ಕರೆ ಆ ಸದ್ದು ಹೇಗಿರುತ್ತದೆ ಎಂಬುದೇ ನನಗೆ ಮರೆತಿತ್ತು.

ಈಗ ನಮ್ಮ ಭಾವನವರ ವಿಷಯ. ಹೆಸರು ಚನ್ನಬಸಪ್ಪ, ಹೊಲಮನೆ ಉಳ್ಳವರು, ಊರಿನ ಗರಡಿಗೆ ಉಸ್ತಾದರು. ಮಾತು ಕಡಿಮೆ, ಮುದ್ದೆ ಹೆಚ್ಚು. ಅವರು ನಡೆದು ಬಂದರೆ ಬೀದಿ ಕಿರಿದಾಯಿತು ಅನ್ನಿಸುತ್ತಿತ್ತು. ಅಂಥವರ ಕಂಕುಳಲ್ಲಿ ಒಂದು ದಿನ ಗೆಡ್ಡೆ ಎದ್ದಿತು, ಜ್ವರ ಏರಿತು. ಅಕ್ಕ ಅಳಲಿಲ್ಲ. ಗುಡಿಸಲಿನ ಬಾಗಿಲಲ್ಲಿ ಕೂತು ಗಂಜಿ ಹುಯ್ದಳು, ಬಟ್ಟೆ ಕುದಿಸಿದಳು. ಕೊನೆಗೆ ಗೆಡ್ಡೆ ಒಡೆದು ಭಾವ ಬದುಕಿಕೊಂಡರು. ಸಾವಿರಕ್ಕೊಬ್ಬರು ಹೀಗೆ ಬದುಕುತ್ತಿದ್ದರು ಎಂದು ಜನ ಆಡಿಕೊಂಡರು. ಆಡಿಕೊಂಡರೇ ಹೊರತು ಯಾರೂ ಹತ್ತಿರಕ್ಕೆ ಬರಲಿಲ್ಲ.

ಬದುಕಿದ ಮೇಲೆ ಶುರುವಾಯಿತು ನೋಡಿ ನಿಜವಾದ ಕಷ್ಟ. ಜ್ವರ ಬಿಟ್ಟು ಎಷ್ಟೋ ದಿನವಾದರೂ ಹಾಲಿನವಳು ಮಾರು ದೂರದಿಂದ ಹಾಲನ್ನು ಚೆಂಬಿಗೆ ಎತ್ತಿ ಹುಯ್ಯುತ್ತಿದ್ದಳು, ಅರ್ಧ ನೆಲಕ್ಕೆ. ಗರಡಿಯ ಶಿಷ್ಯರು ದೂರದಲ್ಲೇ ಕೈಮುಗಿದು ಹೋಗುತ್ತಿದ್ದರು. ಕ್ಷೌರದವನು ಬರಲೇ ಇಲ್ಲ. ಕೊನೆಗೆ ಆ ಕೆಲಸವೂ ನನ್ನ ಪಾಲಿಗೆ ಬಂತು. ನಾನು ಲೆಕ್ಕ ಬರೆಯುವ ಕೈಯವನು. ಭಾವನ ಗಲ್ಲದ ಮೇಲೆ ಕತ್ತಿ ಇಟ್ಟರೆ ಗೀಟು ಎಳೆದ ಹಾಗೆ ಗಾಯವಾಗುತ್ತಿತ್ತು. "ನಿಧಾನ ಕಣ್ಲಾ, ಪ್ಲೇಗು ಬಿಟ್ರೂ ನೀ ಬಿಡಾಂಗಿಲ್ಲ" ಎನ್ನುತ್ತಿದ್ದರು ಭಾವ. ಆದರೆ ನಾನು ಅವರ ಗಲ್ಲ ಹಿಡಿದಾಗ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದರು, ಗಾಯಕ್ಕಲ್ಲ. ಮನುಷ್ಯರ ಕೈ ತಾಗಿಯೇ ಬೆಳೆದ ಮೈ ಅದು. ಬೆಳಗೂ ಬೈಗೂ ಒಬ್ಬರನ್ನು ಹಿಡಿದು ಕೆಡವಿ ಎತ್ತಿ ಬದುಕಿದ್ದ ಆಸಾಮಿ ಈಗ ಕಂಬ ಹಿಡಿದು ನಿಂತಿರುತ್ತಿದ್ದರು. ಅದನ್ನು ನೋಡುವುದು ನನ್ನ ಕೈಲಾಗುತ್ತಿರಲಿಲ್ಲ.

ಬೇಸಗೆ ಬಲಿತ ಹಾಗೆ ರೋಗ ಇಳಿಮುಖವಾಯಿತು. ಹೋಗಲಿಲ್ಲ, ಇಳಿಯಿತು. ಅತ್ತ ಸೆಟ್ಟೂರಿನ ಕಡೆ ಇನ್ನೂ ಒಂದೊಂದು ಸಾವು ಕೇಳಿಬರುತ್ತಿತ್ತು. ಪ್ಲೇಗು ಇನ್‌ಸ್ಪೆಕ್ಟರು ಸೂಜಿ ಹಾಕಲು ಬಂದರೆ ಜನ ಜೋಳದ ಹೊಲ ಹೊಕ್ಕು ಅಡಗುತ್ತಿದ್ದರು. ಅದೇ ಹೊತ್ತಿಗೆ ಗರಡಿಯ ಹಿರಿಯರು ಹೋಗಿ, ನಿಂತುಹೋಗಿದ್ದ ವರ್ಷದ ಕುಸ್ತಿಯನ್ನು ಕೆರೆಯಂಗಳದಲ್ಲಿ ನಡೆಸಲು ಅಪ್ಪಣೆ ಕೇಳಿದರು. ಇನ್‌ಸ್ಪೆಕ್ಟರು ಬುದ್ಧಿವಂತ. "ಸೂದಿ ಲೇಕುಂಟೇ ಕುಸ್ತಿ ಲೇದು" ಎಂದು ತೆಲುಗಿನಲ್ಲಿ ಒಂದೇ ಮಾತು ಹೇಳಿದ. ಸೂಜಿ ಚುಚ್ಚಿಸಿಕೊಳ್ಳದವನಿಗೆ ಕುಸ್ತಿಯಿಲ್ಲ. ಮಾರನೆಯ ದಿನ ನೋಡಬೇಕಿತ್ತು. ಪ್ರಾಣ ಉಳಿಯುತ್ತದೆ ಎಂದರೆ ಓಡಿದ್ದ ಜನ, ಕುಸ್ತಿ ಉಂಟು ಎಂದ ಕೂಡಲೆ ತೋಳು ಮಡಚಿಕೊಂಡು ಸಾಲು ನಿಂತರು. ಕರ್ಪೂರವನ್ನೇ ನಂಬಿದ್ದ ನಾನೂ ನಿಂತೆ, ಸೂಜಿ ನೋಡಿ ಕಣ್ಣುಕತ್ತಲೆ ಬಂದು ಕೂತೆ ಕೂಡ.

ಭಾವ ಅಖಾಡಕ್ಕೆ ಇಳಿಯುತ್ತೇನೆ ಎಂದರು. ನಮ್ಮ ಕಡೆ ಒಂದು ಪದ್ಧತಿಯಿದೆ. ಉಸ್ತಾದನಾದವನು ಅಂಗೈ ತುಂಬ ಅಖಾಡದ ಮಣ್ಣು ಹಿಡಿದು, ಕೈ ಚಾಚಿಕೊಂಡು, ಜನರ ಮುಂದೆ ಸುತ್ತು ಬರುತ್ತಾನೆ. ಎದುರಾಗುವವನು ಆ ಕೈಗೆ ಕೈ ಕೊಟ್ಟು ಮಣ್ಣು ಹಂಚಿಕೊಳ್ಳಬೇಕು. ಆಮೇಲೆ ಒಬ್ಬರ ಮೈಗೆ ಒಬ್ಬರು ಆ ಮಣ್ಣು ಸವರುತ್ತಾರೆ, ಬೆವರಿಗೆ ಹಿಡಿತ ಜಾರದಿರಲಿ ಎಂದು. ಕುಸ್ತಿ ಅದರ ಮೇಲೆ.

"ಯಾರೂ ಕೈ ಕೊಡ್ದಿದ್ರೆ?" ಎಂದೆ ನಾನು. ಕೇಳಬಾರದ್ದನ್ನು ಕೇಳುವುದರಲ್ಲಿ ನಾನು ಯಾವತ್ತೂ ಮುಂದು.

"ಕೊಡ್ದಿದ್ರೆ ಗರಡಿಗೆ ಬೀಗ ಹಾಕ್ತೀನಿ. ಮತ್ತೆ ಯಾರ್ ಎದ್ರಿಗೂ ಹೋಗಾಕಿಲ್ಲ" ಎಂದರು ಭಾವ. ಸಿಟ್ಟಿನಿಂದ ಹೇಳಿದ್ದರೆ ನಾನು ಹೆದರುತ್ತಿರಲಿಲ್ಲ. ಬಹಳ ಮೆತ್ತಗೆ ಹೇಳಿದರು.

ಅಕ್ಕ ನನ್ನನ್ನು ಗುಡಿಸಲಿನ ಹಿಂದಕ್ಕೆ ಕರೆದಳು. "ಗೆಲ್ಲೋದು ಬ್ಯಾಡ ಕಣಪ್ಪ. ಯಾರಾದ್ರೂ ಒಬ್ರು ಅವ್ರನ್ನ ಮುಟ್ಲಿ, ಸಾಕು" ಎಂದಳು. ಅಷ್ಟು ತಿಂಗಳಲ್ಲಿ ಅವಳ ಕಣ್ಣಲ್ಲಿ ನೀರು ಕಂಡದ್ದು ಆಗಲೇ.

ಕುಸ್ತಿಯ ದಿನ ಜನ ಬಂದರು ಅಂದರೆ ಬಂದರು. ಗಾಡಿಗಳಲ್ಲಿ, ಕಾಲ್ನಡಿಗೆಯಲ್ಲಿ, ಬುತ್ತಿ ಕಟ್ಟಿಕೊಂಡು. ಹೆಂಗಸರು ಕುಸ್ತಿ ನೋಡುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಮನೆಯೇ ಇಲ್ಲದ ಮೇಲೆ ಮನೆಯೊಳಗಿರಿ ಎನ್ನುವವರು ಯಾರು? ಅವರೆಲ್ಲ ದಂಡೆಯ ಬಂಡೆಗಳನ್ನು ಹತ್ತಿ ಕೂತರು. ಅಷ್ಟು ಜನ ಸೇರಿದ್ದರೂ ಗದ್ದಲವಿಲ್ಲ. ಒಬ್ಬೊಬ್ಬರೂ ಕೈಯಳತೆ ದೂರ ಬಿಟ್ಟುಕೊಂಡು ನಿಂತಿದ್ದರು. ಅರ್ಧ ಭಯಕ್ಕೆ, ಇನ್ನರ್ಧ ಸೂಜಿಯ ನೋವಿಗೆ. ಎಲ್ಲರ ಎಡತೋಳೂ ಊದಿತ್ತು. ಯಾರಾದರೂ ಸರಿದು ಬಂದರೆ, "ತೋಳು, ತೋಳು" ಎಂದು ಪಕ್ಕದವರು ಹಿಂದಕ್ಕೆ ಸರಿಯುತ್ತಿದ್ದರು. ನಾನೂ ನನ್ನ ತೋಳನ್ನು ಹಸುಗೂಸಿನ ಹಾಗೆ ಎತ್ತಿಕೊಂಡು ನಿಂತಿದ್ದೆ.

ಭಾವ ಇಳಿದರು. ಮೊದಲಿನ ಮೈಯಲ್ಲ, ಪಕ್ಕೆಲುಬು ಕಾಣುತ್ತಿತ್ತು. ಕಂಕುಳಿನ ಕಲೆಯನ್ನು ಅವರು ಮುಚ್ಚಿಕೊಳ್ಳಲಿಲ್ಲ. ಮಣ್ಣು ಹಿಡಿದು, ಕೈ ಚಾಚಿ, ಸುತ್ತು ಹೊರಟರು. ಅವರು ಬಂದ ಕಡೆ ಜನ ಹಿಂದಕ್ಕೆ ಸರಿದು, ದಾಟಿದ ಮೇಲೆ ಮತ್ತೆ ಮುಂದಕ್ಕೆ ಬರುತ್ತಿದ್ದರು. ಅವರೇ ತಿದ್ದಿ ಬೆಳೆಸಿದ ಶಿಷ್ಯರು ಕಾಲಬೆರಳು ನೋಡಿಕೊಂಡು ನಿಂತರು. ಒಂದು ಸುತ್ತು ಮುಗಿಯಿತು. ಭಾವನ ಕೈ ಇಳಿಯಲಿಲ್ಲ. ಬಂಡೆಯ ಮೇಲೆ ಅಕ್ಕ ಎದ್ದು ನಿಂತದ್ದು ನನಗೆ ಕಾಣಿಸಿತು. ಎರಡನೆಯ ಸುತ್ತೂ ಅರ್ಧವಾಯಿತು. ನಾನಾದರೂ ಹೋಗಿ ಕೈ ಕೊಟ್ಟುಬಿಡಲೇ ಅನ್ನಿಸಿತು. ನಿಮಗೆ ನಗು ಬರಬಹುದು. ಆ ಕ್ಷಣ ನಾನು ಅಂಗಿಯ ಗುಂಡಿ ಬಿಚ್ಚಲು ಶುರುಮಾಡಿದ್ದು ನಿಜ.

ಆಗ ಹಿಂದಿನಿಂದ, "ತಡ ಆಯ್ತು ಉಸ್ತಾದ್, ದಾರೀಲಿ ಬಸ್ಸು ಕೆಟ್ಟೋಯ್ತು" ಎನ್ನುತ್ತ ಒಬ್ಬ ಜನರನ್ನು ಸರಿಸಿಕೊಂಡು ಬಂದ. ನೋಡಿದರೆ ನಮ್ಮ ಬೆಲ್ಲದ ಮಂಡಿಯ ಹಮಾಲಿ, ಪರಿಗಿಯ ದಸ್ತಗೀರ. ಆ ವರ್ಷದ ಕುಸ್ತಿ ಅವನಿಗೂ ಭಾವನಿಗೂ ಎಂದು ಪ್ಲೇಗಿಗೆ ಮೊದಲೇ ನಿಶ್ಚಯವಾಗಿತ್ತು. ರೋಗದ ವರ್ಷದಲ್ಲಿ ಆ ಮಾತು ಉಳಿದೀತೆಂದು ಯಾರೂ ನಂಬಿರಲಿಲ್ಲ. ಅವನು ರುಮಾಲು ತೆಗೆದ, ಅಂಗಿ ತೆಗೆದ. ಅವನ ಎಡತೋಳೂ ಊದಿತ್ತು. ಸೀದಾ ಬಂದು ಭಾವನ ಕೈ ಹಿಡಿದ. ಹಿಡಿದವನು ಬೇಗ ಬಿಡಲೂ ಇಲ್ಲ. ಆಮೇಲೆ ಆ ಮಣ್ಣನ್ನು ಭಾವನ ಎದೆಗೆ, ಬೆನ್ನಿಗೆ, ಕೊನೆಗೆ ಕಂಕುಳಿನ ಆ ಕಲೆಯ ಮೇಲೂ ಸವರಿದ. ಭಾವ ತಿರುಗಿ ಅವನ ಮೈಗೆ ಮಣ್ಣು ಸವರಿದರು.

ಕುಸ್ತಿಯ ಪಟ್ಟುಗಳನ್ನು ವರ್ಣಿಸುವಷ್ಟು ನಾನು ಬಲ್ಲವನಲ್ಲ. ಒಂದನ್ನು ಮಾತ್ರ ಕಂಡೆ. ಭಾವ ದಸ್ತಗೀರನ ಆ ಊದಿದ ತೋಳಿಗೆ ಕೈ ಹಾಕಲಿಲ್ಲ. ಅದು ಎದುರಿಗೇ ಸಿಕ್ಕಿದಾಗಲೂ ಬಿಟ್ಟುಬಿಟ್ಟರು. ಇದನ್ನು ಮೊದಲು ಕಂಡ ಯಾರೋ "ಭೇಷ್" ಎಂದ. ಇನ್ನೊಬ್ಬ ತೆಲುಗಿನಲ್ಲಿ, ಹಿಡಿ ಹಿಡಿ ಎಂದು, "ಪಟ್ಟುಕೋ, ಪಟ್ಟುಕೋ" ಎಂದ. ಆಮೇಲೆ ಎಲ್ಲಿಂದ ಬಂತೋ ಗೊತ್ತಿಲ್ಲ, ಆ ಕೂಗು ಬಂತು. ಕನ್ನಡವೋ ತೆಲುಗೋ ಹೇಳಲಾಗದು, ಬರೀ ಗಂಟಲು. ಅಷ್ಟು ತಿಂಗಳು ನುಂಗಿಕೊಂಡಿದ್ದೆಲ್ಲ ಒಮ್ಮೆಗೇ ಹೊರಬಿತ್ತು. ಹೆಂಗಸರೂ ಕೂಗಿದರು, ಮಕ್ಕಳನ್ನು ಮಣ್ಣು ಮಾಡಿ ಬಂದವರೂ ಕೂಗಿದರು. ನಾನೂ ಕೂಗುತ್ತಿದ್ದೆ ಎಂಬುದು ಗಂಟಲು ನೋಯತೊಡಗಿದಾಗಲೇ ನನಗೆ ತಿಳಿದದ್ದು.

ಆಗ ನೋಡಿಕೊಂಡೆ. ನನ್ನ ಹೆಗಲ ಮೇಲೆ ಯಾರದೋ ಗದ್ದ ಇತ್ತು. ಬೆನ್ನಿಗೆ ಇನ್ಯಾರದೋ ಎದೆ. ಊದಿದ ನನ್ನ ತೋಳನ್ನು ಗುರುತಿಲ್ಲದ ಮುದುಕನೊಬ್ಬ ಎರಡೂ ಕೈಯಿಂದ ಅವಚಿಕೊಂಡು ಕುಣಿಯುತ್ತಿದ್ದ, ನನಗೆ ನೋವೇ ಆಗಿರಲಿಲ್ಲ. ಸುತ್ತ ಎಲ್ಲಿ ನೋಡಿದರೂ ಹೀಗೆಯೇ. ಬನ್ನಿ ಎಂದು ಯಾರೂ ಕರೆದಿರಲಿಲ್ಲ, ಹೋಗೋಣ ಎಂದು ಯಾರೂ ಎಣಿಸಿರಲಿಲ್ಲ. ಆ ಇಡೀ ಕೆರೆಯಂಗಳದ ಜನ ಒಬ್ಬರಿಗೊಬ್ಬರು ಅಂಟಿ ನಿಂತುಬಿಟ್ಟಿದ್ದರು. ದೇವರನ್ನು ನಾನು ಕಂಡವನಲ್ಲ, ಆದರೆ ಕೈಮುಗಿಯಬೇಕು ಅನ್ನಿಸಿತು. ಮುಗಿಯಲು ಕೈ ಎತ್ತುವಷ್ಟು ಜಾಗ ಅಲ್ಲಿರಲಿಲ್ಲ.

ಭಾವ ಸೋತರು. ಉಸಿರು ಸಾಲದೆ ಮಂಡಿ ಕುಸಿದದ್ದೇ ದಸ್ತಗೀರ ತಿರುವಿ ಹಾಕಿದ, ಬೆನ್ನು ಮಣ್ಣಿಗೆ ಹತ್ತಿತು. ಜನ ಅಖಾಡಕ್ಕೆ ನುಗ್ಗಿದರು. ಗೆದ್ದವನನ್ನು ಹೊತ್ತು ಮೆರೆಸುವುದು ವಾಡಿಕೆ. ಆದರೆ ಇಬ್ಬರೂ ಕೆಮ್ಮಣ್ಣಿನಲ್ಲಿ ಒಂದೇ ಬಣ್ಣವಾಗಿದ್ದರು, ಮೇಲೆ ಆ ದೂಳು ಬೇರೆ. ನುಗ್ಗಿದವರು ಹೊತ್ತದ್ದು ನಮ್ಮ ಭಾವನನ್ನು.

"ನಾನಲ್ಲ ಕಣ್ರಪ್ಪಾ, ಗೆದ್ದೋನು ಆ ಕಡೆಗವ್ನೆ, ಇಳಿಸ್ರಿ" ಎಂದು ಭಾವ ಮೇಲಿನಿಂದ ಹೇಳಿದರು.

ಕೆಳಗಿನಿಂದ ಅವರ ಶಿಷ್ಯನೊಬ್ಬ, "ಗೊತ್ತು ಉಸ್ತಾದ್, ಸುಮ್ಕೆ ಕುಂತ್ಕೊಳ್ಳಿ" ಎಂದ. ಅವನ ಹೆಗಲ ಮೇಲೆಯೇ ಭಾವನ ಕಾಲಿತ್ತು. ಗುಡಿಸಲುಗಳ ಸುತ್ತ ಹೊತ್ತು ತಿರುಗಿಸಿದರು. ಹೊರಲು ಸಿಕ್ಕದವರು ಕೈ ಚಾಚಿ ಕಾಲನ್ನಾದರೂ ಮುಟ್ಟಿದರು. ದಸ್ತಗೀರ ಅಖಾಡದಲ್ಲಿ ಒಬ್ಬನೇ ಕೂತು ರುಮಾಲಿನಿಂದ ಮುಖ ಒರೆಸಿಕೊಳ್ಳುತ್ತ ನಗುತ್ತಿದ್ದ. ಅಕ್ಕ ಬಂಡೆಯಿಂದ ಇಳಿದು ಹೋಗಿ ಅವನಿಗೆ ಒಂದು ಚೆಂಬು ಮಜ್ಜಿಗೆ ಕೊಟ್ಟಳು. ಕೈಗೇ ಕೊಟ್ಟಳು.

ಭಾವನಿಗೆ ಈಗ ವಯಸ್ಸಾಗಿದೆ. ನಾನು ಹೋದಾಗಲೆಲ್ಲ ಊಟವಾದ ಮೇಲೆ ಆ ದಿನದ ಮಾತು ಬಂದೇ ಬರುತ್ತದೆ. "ಅವ್ನು ಹಿಡ್ದ ಹಿಡಿತ ಇದ್ಯಲ್ಲ, ಮೂಳೆ ಲಟಕ್ ಅಂದ್ಬುಡ್ತು ಕಣ್ಲಾ. ಎದ್ರಿಕೆ ಅನ್ನೋದು ಆ ಸಾಬಿ ಹುಟ್ಟಿದ್ ದಿನದಿಂದ್ಲೂ ಕಂಡಿಲ್ಲ" ಎನ್ನುತ್ತಾರೆ. ಹೇಳುವಾಗ ಅವರ ಮುಖ ನೋಡಬೇಕು. ನಾನು ಹೂಂಗುಟ್ಟುತ್ತೇನೆ.

ಮೊನ್ನೆ ಮಂಡಿಯಲ್ಲಿ ದಸ್ತಗೀರ್ ಸಾಬರು ಸಿಕ್ಕಿದ್ದರು. ಮೂಟೆ ಹೊರುವ ವಯಸ್ಸಲ್ಲ ಈಗ, ಮಗನನ್ನು ನೋಡಲು ಬಂದಿದ್ದರು. ಇಬ್ಬರೂ ತೂಕದ ಕಟ್ಟೆಯ ಮೇಲೆ ಕೂತೆವು. ಇಷ್ಟು ವರ್ಷ ಕೇಳದಿದ್ದದ್ದನ್ನು ಕೇಳಿಬಿಟ್ಟೆ. "ಸಾಬ್ರೇ, ಆವತ್ತು ನಿಮ್ಗೆ ಹೆದರಿಕೆ ಅನ್ನೋದೇ ಆಗ್ಲಿಲ್ವಾ?"

ಅವರು ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿಕೊಂಡರು. "ಆಗ್ದೆ ಇರ್ತದಾ ಗುಮಾಸ್ತ್ರೇ? ನನ್ನ ತಮ್ಮ ಅದೇ ಬ್ಯಾನೇಲಿ ಹೋಗಿ ಇನ್ನಾ ನಲವತ್ತು ದಿನ ಆಗಿರ್ಲಿಲ್ಲ. ಮೈಯೆಲ್ಲ ನಡುಕ. ಕೈ ನಡುಗಿದ್ರೆ ಉಸ್ತಾದ್ರಿಗೆ ಗೊತ್ತಾಗ್ಬುಡ್ತದೆ ಅಂತಾವ ಆ ಪಾಟಿ ಬಿಗಿಯಾಗಿ ಇಡ್ಕೊಂಬುಟ್ಟೆ" ಎಂದರು.

ನಾಳೆ ಬೆಳಗಿನ ಬಸ್ಸಿಗೆ ಕಲ್ಯಾಣದುರ್ಗಕ್ಕೆ ಹೊರಟಿದ್ದೇನೆ. ಊಟವಾದ ಮೇಲೆ ಭಾವ ಗೋಡೆಗೊರಗಿ ಕೂತು ಅದನ್ನೇ ಹೇಳುತ್ತಾರೆ, ಹೆದರಿಕೆಯನ್ನೇ ಕಾಣದವನು ಎನ್ನುತ್ತಾರೆ. ಈ ಸಲ ಹೂಂ ಎನ್ನುವುದು ನನಗೆ ಕಷ್ಟವಾಗುತ್ತದೆ. ಆದರೂ ಎನ್ನುತ್ತೇನೆ.