ಸರಿಸಿಟ್ಟ ಕೊಡಗಳು

ಅಕ್ಕನಿಗೆ ತೋರಿಸಲೇಬೇಕಾಗಿದ್ದನ್ನು ನಾನು ತೋರಿಸಲಿಲ್ಲ. ಭಾವನಿಗೆ ಗಜೇಂದ್ರಗಡದಿಂದ ನರಗುಂದಕ್ಕೆ ವರ್ಗವಾದಾಗ ಅವಳಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಭಾರ ಎತ್ತುವಂತಿರಲಿಲ್ಲ, ಬಸ್ಸಿನ ಕುಲುಕಾಟವೂ ಆಗುತ್ತಿರಲಿಲ್ಲ.

"ಓಣಿಗಳ ಫೋಟೋ ಹೊಡ್ಕೊಂಡ ಬಾ ತಮ್ಮಾ, ನೋಡಿ ಮನಿ ಆರಸ್ತೀನಿ" ಎಂದಳು.

ನಾನು ರೋಣದಲ್ಲಿ ಮದುವೆ ಫೋಟೋ ತೆಗೆಯುವವನು. ಚಂದ ಕಾಣದ್ದನ್ನೆಲ್ಲ ಪಕ್ಕಕ್ಕೆ ಸರಿಸಿಯೇ ರೂಢಿ. ನರಗುಂದದ ಗುಡ್ಡದ ಮಗ್ಗುಲಿನ ಏರು ಓಣಿಯಲ್ಲಿ, ಒಣಗಿದ ನಳದ ಮುಂದೆ ಖಾಲಿ ಕೊಡಗಳ ಸಾಲಿತ್ತು.

"ಸ್ವಲ್ಪ ಸರಸ್ರಿ" ಎಂದೆ.

"ಸರಸ್ತೀವಪಾ. ನೀರ ನಿನ್ನ ಕ್ಯಾಮೆರಾದಾಗಿಂದ ಬರ್ತಾವೇನ?" ಎಂದು ಒಬ್ಬ ಹೆಂಗಸು ನಕ್ಕಳು. ನಾನೂ ನಕ್ಕು ಫೋಟೋ ತೆಗೆದೆ.

ಅಕ್ಕ ಅದೇ ಓಣಿಯನ್ನು ಆರಿಸಿದಳು. "ಎಷ್ಟ ಚಂದ ತಗದೀಯೋ!" ಎಂದಳು. ಕೊಡಗಳ ಮಾತು ನಾಲಗೆಯ ತುದಿಗೆ ಬಂದಿತ್ತು. ಹೊಗಳಿಕೆ ಕೇಳುತ್ತ ಅದನ್ನು ನುಂಗಿದೆ.

ಅವರು ಅಲ್ಲೇ ಮನೆ ಮಾಡಿದರು. ನರಗುಂದದ ಬಸ್ಸು ಕಂಡರೆ ನಾನು ಮುಖ ತಿರುಗಿಸುತ್ತಿದ್ದೆ. ಬೇಸಿಗೆಯಲ್ಲಿ ಕೊನೆಗೂ ಹೋದೆ. ಅಕ್ಕ ಕೆಳಗಿನ ಬೋರಿನಿಂದ ಕೊಡ ಹೊತ್ತು ಓಣಿ ಏರುತ್ತಿದ್ದಳು, ಒಂದು ಕೈ ಹೊಟ್ಟೆಯ ಮೇಲೆ. ಓಡಿಹೋಗಿ ಕೊಡ ಕಸಿದುಕೊಂಡೆ.

"ತಪ್ಪಾತಬೇ ಅಕ್ಕಾ. ನಳದ ಮುಂದ ಖಾಲಿ ಕೊಡ ಇದ್ವು. ನಾನ ಸರಸಿ ಫೋಟೋ ಹೊಡದೆ."